ಕಲರ್ ರೀಲಿಗೆ ಕಪ್ಪುಬಿಳುಪು ಡೆವಲಪರ್

ಕೇಳುಗರಿಗೆ ನಮಸ್ಕಾರ. ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಕಲರ್ ರೀಲನ್ನು ತೊಳೆದುಕೊಡುವ ಲ್ಯಾಬು ಈಗ ಬಹಳ ಊರುಗಳಲ್ಲಿ ಇಲ್ಲ. ಅಂಥ ರೀಲನ್ನು ಕಪ್ಪುಬಿಳುಪು ಡೆವಲಪರಿನಲ್ಲಿ, ಅಂದರೆ ಕಪ್ಪುಬಿಳುಪು ಫಿಲಮ್ಮಿನ ಚಿತ್ರ ಮೂಡಿಸುವ ದ್ರಾವಣದಲ್ಲಿ, ತೊಳೆಯಬಹುದು. ಬಣ್ಣ ಬಾರದು, ಚಿತ್ರ ಬರುತ್ತದೆ.

ಕಲರ್ ಫಿಲಮ್ಮಿನಲ್ಲೂ ಬೆಳಕನ್ನು ಹಿಡಿಯುವುದು ಬೆಳ್ಳಿಯ ಲವಣವೇ. ಲ್ಯಾಬಿನ ಸಿ-41 ವಿಧಾನದಲ್ಲಿ, 37.8 ಡಿಗ್ರಿ ಸೆಲ್ಸಿಯಸ್ ಬಿಸಿಯ ಡೆವಲಪರು ಲವಣವನ್ನು ಬೆಳ್ಳಿಯಾಗಿಸುತ್ತಲೇ, ಪದರಗಳಲ್ಲಿರುವ ಕಪ್ಲರ್ ಎಂಬ ಪದಾರ್ಥದೊಡನೆ ಕೂಡಿ ಬಣ್ಣ ಕಟ್ಟುತ್ತದೆ. ಆಮೇಲೆ ಬ್ಲೀಚ್ ಬೆಳ್ಳಿಯನ್ನು ಮತ್ತೆ ಲವಣವಾಗಿಸುತ್ತದೆ, ಫಿಕ್ಸರ್ ಲವಣವನ್ನೆಲ್ಲ ಕರಗಿಸಿ ತೆಗೆದುಬಿಡುತ್ತದೆ. ಕಪ್ಪುಬಿಳುಪು ಡೆವಲಪರಿಗೆ ಕಪ್ಲರಿನೊಡನೆ ಕೂಡುವ ಗುಣವಿಲ್ಲ. ಹಾಗಾಗಿ ಉಳಿಯುವುದು ಬೆಳ್ಳಿಯ ಚಿತ್ರ ಮಾತ್ರ, ಅದರ ಕಾಳೂ (ಗ್ರೇನ್) ಸ್ವಲ್ಪ ದಪ್ಪ.

ಡೆವಲಪರುಗಳಲ್ಲಿ ಹಳೆಯ ರೀಲಿಗೆ ನನ್ನ ಆಯ್ಕೆ ಎಚ್‌ಸಿ-110, ಏಕೆಂದರೆ ಫಿಲಂ ಹಳತಾದಂತೆ ಕೂಡುವ ಮಬ್ಬನ್ನು ಅದು ಹೆಚ್ಚಿಸುವುದು ಕಡಿಮೆ. ಒಂದು ಪಾಲು ಡೆವಲಪರಿಗೆ 31 ಪಾಲು ನೀರು. 500 ಮಿಲಿ ಬೇಕಿದ್ದರೆ 16 ಮಿಲಿ ಸಾಕು. 20 ಡಿಗ್ರಿಯಲ್ಲಿ 6ರಿಂದ 7 ನಿಮಿಷ. ಮೊದಲ 30 ಸೆಕೆಂಡ್ ಬಿಡದೆ, ಆಮೇಲೆ ನಿಮಿಷಕ್ಕೆ ಹತ್ತು ಸೆಕೆಂಡಿನಷ್ಟು, ರೀಲಿರುವ ಬೆಳಕು ಹೋಗದ ಟ್ಯಾಂಕನ್ನು ತಿರುಗಿಸಿ. ಇದು ಆರಂಭದ ಅಂದಾಜು ಅಷ್ಟೆ. ಬೇಡವಾದ ರೀಲಿನ ತುಂಡಿನಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರು 28 ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಸಮಯ ಐದು ನಿಮಿಷಕ್ಕಿಂತ ಕೆಳಗಿಳಿದು ಚಿತ್ರದಲ್ಲಿ ಪಟ್ಟೆ ಬೀಳಬಹುದು. ಡೆವಲಪರಿಗೆ ಐಸ್ ಹಾಕಬೇಡಿ, ಅಳತೆ ಕೆಡುತ್ತದೆ. ಬಾಟಲಿಯನ್ನೇ ಐಸ್ ನೀರಿನಲ್ಲಿ ಇಡಿ. ಹೊಸ ಫಿಲಂ ಹಾಕಿ ಪ್ರಯೋಗ ಮಾಡುವವರು 200 ಐಎಸ್ಒ (ಬೆಳಕಿಗೆ ಫಿಲಂ ಸ್ಪಂದಿಸುವ ಅಳತೆ) ರೀಲನ್ನು 100 ಎಂದು ಲೆಕ್ಕ ಹಾಕಿ ಚಿತ್ರ ತೆಗೆದರೆ ನೆರಳಿನ ವಿವರ ಉಳಿಯುತ್ತದೆ.

ಫಿಕ್ಸರಿನಲ್ಲಿ ಅವಸರ ಬೇಡ. ರೀಲಿನ ತುದಿಯ ತುಂಡೊಂದನ್ನು ಮೊದಲೇ ಫಿಕ್ಸರಿಗೆ ಹಾಕಿ, ಹಾಲಿನಂಥ ಮಬ್ಬು ಹೋಗಲು ಹಿಡಿಯುವ ಸಮಯ ನೋಡಿ, ಅದರ ಎರಡರಷ್ಟು ಕೊಡಿ. ಮಬ್ಬು ಹೋದರೂ ಫಿಲಮ್ಮಿನ ಕಿತ್ತಳೆ ಬಣ್ಣ ಹೋಗುವುದಿಲ್ಲ. ಇದನ್ನು ಕಂಡು ಫಿಕ್ಸರ್ ಕೆಟ್ಟಿದೆ ಎಂದು ಬಹಳ ಜನ ಗಾಬರಿಯಾಗುತ್ತಾರೆ. ಕಿತ್ತಳೆ ಬರುವುದು ಬಣ್ಣದ ಕಪ್ಲರುಗಳಿಂದ. ಜೊತೆಗೆ, ನೀಲಿ ಬೆಳಕನ್ನು ತಡೆಯಲು ಪದರಗಳ ನಡುವೆ ಹಚ್ಚಿರುವ ಅತಿ ಸಣ್ಣ ಬೆಳ್ಳಿಕಣಗಳ ಹಳದಿ ಪದರವೂ ಹಲವು ಫಿಲಮ್ಮುಗಳಲ್ಲಿ ಹಾಗೇ ಇರುತ್ತದೆ. ಅದನ್ನು ತೆಗೆಯುವುದು ಬ್ಲೀಚ್. ಬ್ಲೀಚ್ ಹಾಕಿದರೆ ನಿಮ್ಮ ಚಿತ್ರವೂ ಹೋಗುತ್ತದೆ, ಎರಡೂ ಬೆಳ್ಳಿಯೇ ತಾನೆ!

ಆ ಕಿತ್ತಳೆಯೊಡನೆಯೇ ಕೆಲಸ ಮಾಡಬೇಕು. ಕಲರ್ ನೆಗೆಟಿವ್ ಎಂದೇ ಸ್ಕ್ಯಾನ್ ಮಾಡಿ, ಹಸಿರು ಅಥವಾ ಕೆಂಪು ಚಾನಲ್ ಮಾತ್ರ ಇಟ್ಟುಕೊಳ್ಳಿ. ನೀಲಿ ಚಾನಲಿನಲ್ಲಿ ಗದ್ದಲವೇ (ನಾಯ್ಸ್, ಬೇಡದ ಚುಕ್ಕೆಗಳು) ಜಾಸ್ತಿ. ಡಾರ್ಕ್ ರೂಮಿನಲ್ಲಿ ಕಷ್ಟ ಹೆಚ್ಚು. ಕಪ್ಪುಬಿಳುಪು ಕಾಗದಕ್ಕೆ ಬೇಕಾದ ನೀಲಿ ಬೆಳಕನ್ನೇ ಕಿತ್ತಳೆ ತಡೆಯುವುದರಿಂದ ಎಕ್ಸ್‌ಪೋಷರ್ ಬಹಳ ಉದ್ದವಾಗುತ್ತದೆ, ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಾಗುವ ಮಲ್ಟಿಗ್ರೇಡ್ ಕಾಗದದಲ್ಲಿ ಚಿತ್ರ ಸಪ್ಪೆಯಾಗುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸುವ 4 ಅಥವಾ 5ನೇ ಗ್ರೇಡಿನ ಫಿಲ್ಟರ್ ಹಾಕಿ.

ಸಿ-41 ಲ್ಯಾಬು ಕೈಗೆ ಸಿಗುವಂತಿದ್ದರೆ ಒಳ್ಳೆಯ ಹೊಸ ರೀಲನ್ನು ಈ ದಾರಿಗೆ ತರುವ ಅಗತ್ಯವಿಲ್ಲ. ಆದರೆ ರೀಲಿನ ಡಬ್ಬಿಯ ಮೇಲೆ ಕೆ-14 ಎಂದಿದ್ದರೆ ಬೇರೆ ದಾರಿಯೇ ಇಲ್ಲ. ಅದು ಕೊಡಕ್ ಕಂಪನಿಯ ಹಳೆಯ ಸ್ಲೈಡ್ ಫಿಲಂ, ಕೊಡಕ್‌ರೋಮ್. ಅದರ ಕಪ್ಲರುಗಳು ಫಿಲಮ್ಮಿನಲ್ಲಿಲ್ಲ, ಲ್ಯಾಬಿನ ದ್ರಾವಣದಲ್ಲಿದ್ದವು. ಅಮೆರಿಕದ ಕಾನ್ಸಾಸಿನಲ್ಲಿ ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬು 2010ರ ಡಿಸೆಂಬರ್ ಕೊನೆಗೆ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಈ ಫಿಲಮ್ಮಿನ ಬೆನ್ನಿಗೆ ಕಪ್ಪು ಇಂಗಾಲದ ಲೇಪವಿದೆ. ಫಿಕ್ಸ್ ಆದ ಮೇಲೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಒಂದು ನಿಮಿಷ ನೆನೆಸಿ, ಹರಿಯುವ ನೀರಿನ ಕೆಳಗೆ ಒದ್ದೆ ಸ್ಪಂಜಿನಿಂದ ಬೆನ್ನನ್ನು ಮಾತ್ರ ಒರೆಸಿ. ಸ್ಪಂಜನ್ನು ಆಗಾಗ ತೊಳೆಯುತ್ತಿರಿ. ಆ ಕಪ್ಪು ಚಿತ್ರದ ಕಡೆಗೆ ಅಂಟಿ ಒಣಗಿತೆಂದರೆ ಚುಕ್ಕೆಗಳನ್ನು ಬಿಡಿಸುವುದು ಬಲು ಕಷ್ಟ.