ನಕ್ಷೆ ಬರೆಸುವ ಮೊದಲು ಪಾಲಿಕೆಯನ್ನು ಏನು ಕೇಳಬೇಕು? ಪುಣೆಯಲ್ಲಿ ಮನೆ ಕಟ್ಟಲು ಹೊರಟ ಕನ್ನಡಿಗರಿಗಾಗಿ

[ದೃಶ್ಯ: ವಾರ್ಜೆಯ ಒಂದು ಓಣಿ. ಟೇಪು ಹಿಡಿದು ಅಗಲ ಅಳೆಯುತ್ತಿರುವ ಕೈಗಳು.]

ನಮಸ್ಕಾರ. ನೀವು ನೋಡುತ್ತಿರುವ ಈ ಓಣಿ ಪುಣೆಯ ವಾರ್ಜೆಯಲ್ಲಿದೆ, ಇದರ ಅಗಲ 6 ಮೀಟರ್. ವಿಜಯಪುರದ ಕಡೆಯಿಂದ ಬಂದು, ಇಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ನಮ್ಮ ಭಾವ ಈ ಓಣಿಯಲ್ಲಿ ಎರಡು ಗುಂಟೆ ಜಾಗ ಕೊಂಡಿದ್ದರು. ಎರಡು ಗುಂಟೆ ಎಂದರೆ ಸುಮಾರು 202 ಚದರ ಮೀಟರ್. ಜಾಗದ ಕಾಗದಪತ್ರಗಳು ಸರಿಯಾಗಿದ್ದವು, ಕೈಯಲ್ಲಿ ಹಣವಿತ್ತು, ಅಕ್ಕನಿಗೆ ದೇವರ ಮನೆ ಎಲ್ಲಿ ಬರಬೇಕೆಂಬುದು ಕೂಡ ನಿಶ್ಚಯವಾಗಿತ್ತು. ಆರ್ಕಿಟೆಕ್ಟರಿಂದ ನಕ್ಷೆ ಬರೆಸಿ, ಸ್ಟ್ರಕ್ಚರಲ್ ಲೆಕ್ಕ ಮಾಡಿಸಿ, ಅರ್ಜಿ ಹಾಕಿದ ಮೇಲೆ ತಿಳಿದದ್ದು ಇಷ್ಟು: ನಗರದ ವಿಕಾಸ ಯೋಜನೆಯಲ್ಲಿ, ಅಂದರೆ ಇಲ್ಲಿ ಎಲ್ಲರೂ ಡಿಪಿ ಎಂದು ಕರೆಯುವ ಆ ನಕಾಶೆಯಲ್ಲಿ, ಈ ಓಣಿ 12 ಮೀಟರ್ ಅಗಲದ ರಸ್ತೆಯಾಗಿತ್ತು. ಎರಡೂ ಬದಿಯಿಂದ ಮೂರು ಮೂರು ಮೀಟರ್ ಬಿಡಬೇಕು, ಮನೆಯ ಮುಂದೆ ಬಿಡಬೇಕಾದ ಖಾಲಿ ಜಾಗವನ್ನು ಆ ಹೊಸ ಗಡಿಯಿಂದ ಎಣಿಸಬೇಕು. ನಕ್ಷೆ ಮರಳಿ ಬಂತು, ಅದಕ್ಕೆ ಕೊಟ್ಟ ಹಣ ಮರಳಿ ಬರಲಿಲ್ಲ.

ಭಾವ ಆಗ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಇದನ್ನ ಮೊದಲs ಕೇಳಾಕ ಬರ್ತಿತ್ತೇನೋ?" ಕೇಳಬಹುದಿತ್ತು. ಯಾರನ್ನು, ಏನನ್ನು, ಹೇಗೆ ಕೇಳಬೇಕು ಎಂಬುದಷ್ಟೇ ಈ ವಿಡಿಯೋದ ವಿಷಯ.

[ಪರದೆಯ ಮೇಲೆ: ಅರ್ಜಿಗೆ ಮುಂಚಿನ ಸಲಹೆ]

ಇಂಗ್ಲೆಂಡಿನಲ್ಲಿ ಇದಕ್ಕೆ ಪ್ರತ್ಯೇಕ ವ್ಯವಸ್ಥೆಯೇ ಇದೆ. ಅಲ್ಲಿನ ಸ್ಥಳೀಯ ಕೌನ್ಸಿಲ್‌ಗೆ ಕಟ್ಟಡದ ಪರವಾನಗಿ ಅರ್ಜಿ ಸಲ್ಲಿಸುವ ಮೊದಲೇ ಒಂದು ಕಚ್ಚಾ ನಕ್ಷೆ ಮತ್ತು ಉದ್ದೇಶದ ವಿವರವನ್ನು ಕಳುಹಿಸಿ, ಬಹಳಷ್ಟು ಕಡೆ ಶುಲ್ಕವನ್ನೂ ಕಟ್ಟಿ, ಯೋಜನಾ ಅಧಿಕಾರಿಯ ಲಿಖಿತ ಅಭಿಪ್ರಾಯವನ್ನು ಪಡೆಯಬಹುದು. ಆ ಅಭಿಪ್ರಾಯ ಕೌನ್ಸಿಲನ್ನು ಕಟ್ಟಿಹಾಕುವುದಿಲ್ಲ. ಅಧಿಕಾರಿ ಆಗಬಹುದೆಂದು ಬರೆದದ್ದನ್ನು ಸಮಿತಿ ಮುಂದೆ ನಿರಾಕರಿಸಬಹುದು. ಆದರೂ ಜನ ಅದನ್ನು ಕೇಳುತ್ತಾರೆ, ಏಕೆಂದರೆ ಅರ್ಜಿ ಎಲ್ಲಿ ಎಡವಬಹುದು ಎಂಬುದು ನಕ್ಷೆಯ ಗೆರೆ ಇನ್ನೂ ಅಳಿಸಲು ಬರುವಂತಿರುವಾಗಲೇ ತಿಳಿಯುತ್ತದೆ.

ಪುಣೆಯಲ್ಲಿ ಆ ಹೆಸರಿನ ಒಂದೇ ಸೇವೆಯನ್ನು, ಒಂದೇ ಪತ್ರವನ್ನು ಹುಡುಕಬೇಡಿ. ಇಲ್ಲಿ ಆ ಸಲಹೆ ಮೂರು ನಾಲ್ಕು ಕಾಗದಗಳಲ್ಲಿ ಹಂಚಿಹೋಗಿದೆ, ಅವುಗಳನ್ನು ಕೂಡಿಸಿ ಓದುವ ಕೆಲಸ ನಮ್ಮದು. ನಾನು ಕಂಡಂತೆ ನಮ್ಮ ಜನ ಈ ಕಾಗದಗಳನ್ನು ಅರ್ಜಿಗೆ ಲಗತ್ತಿಸಬೇಕಾದ ದಾಖಲೆಗಳೆಂದು ಮಾತ್ರ ನೋಡುತ್ತಾರೆ, ಕೊನೆಯ ವಾರದಲ್ಲಿ ಓಡಾಡಿ ತರುತ್ತಾರೆ. ಅವುಗಳನ್ನು ಮೊದಲ ವಾರದಲ್ಲೇ ತಂದರೆ ಅವೇ ಪಾಲಿಕೆಯ ಸಲಹೆಯಾಗುತ್ತವೆ.

[ದೃಶ್ಯ: ಮೇಜಿನ ಮೇಲೆ ಸಾತಬಾರಾ, ಮೋಜಣಿ ನಕಾಶೆ, ಝೋನ್ ದಾಖಲಾ]

ಸಾತಬಾರಾ ನಿಮಗೆ ಹೊಸದಲ್ಲ. ಬೆಳಗಾವಿ, ಧಾರವಾಡದ ಕಡೆಯವರು ಉತಾರ ಎನ್ನುವುದೂ ಮಿಕ್ಕ ಕರ್ನಾಟಕದವರು ಪಹಣಿ ಎನ್ನುವುದೂ ಇದೇ ಬಳಗದ ದಾಖಲೆ. 1956ರವರೆಗೆ ಆ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲೇ ಇದ್ದುದರಿಂದ ಉತಾರ, ಬಿನ್‌ಶೇತ್ಕಿ (ಅಂದರೆ ಕೃಷಿಯೇತರ) ಎಂಬ ಮಾತುಗಳು ಎರಡೂ ಕಡೆ ಹಾಗೆಯೇ ಉಳಿದಿವೆ. ಸಿಟಿ ಸರ್ವೇ ಆದ ಭಾಗದಲ್ಲಿ ಸಾತಬಾರಾದ ಸ್ಥಾನದಲ್ಲಿ ಪ್ರಾಪರ್ಟಿ ಕಾರ್ಡ್ ಇರುತ್ತದೆ. ಇವು ಜಾಗ ಯಾರದೆಂದು ಹೇಳುತ್ತವೆ, ಅಲ್ಲಿ ಏನು ಕಟ್ಟಬಹುದೆಂದು ಹೇಳುವುದಿಲ್ಲ.

ಮೋಜಣಿ, ಅಂದರೆ ಭೂಮಾಪನ ಇಲಾಖೆಯ ಅಳತೆ, ಇದಕ್ಕಿಂತ ಹೆಚ್ಚು ಹೇಳುತ್ತದೆ. ಕಾಗದದಲ್ಲಿ ಎರಡು ಗುಂಟೆ ಇದ್ದದ್ದು ನೆಲದ ಮೇಲೆ ಎಷ್ಟಿದೆ, ಪಕ್ಕದವರ ಗೋಡೆ ಎಲ್ಲಿಗೆ ಬಂದಿದೆ ಎಂಬುದು ಇದರಲ್ಲಿ ಕಾಣುತ್ತದೆ. ಇದಕ್ಕೆ ಸಮಯ ಬೇಕಾಗುವುದರಿಂದ ಮೊದಲು ಅರ್ಜಿ ಹಾಕಬೇಕಾದದ್ದು ಇದಕ್ಕೇ.

ಇನ್ನು ಝೋನ್ ದಾಖಲಾ ಮತ್ತು ಡಿಪಿ ಅಭಿಪ್ರಾಯ. ನಮ್ಮ ಭಾವನವರ ನಷ್ಟವನ್ನು ತಪ್ಪಿಸಬಹುದಾಗಿದ್ದ ಕಾಗದಗಳು ಇವೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಿಮ್ಮ ಸರ್ವೇ ನಂಬರ್ ಅಥವಾ ಸಿಟಿ ಸರ್ವೇ ನಂಬರ್ ಯಾವ ವಲಯದಲ್ಲಿದೆ, ವಸತಿಯೋ ಕೃಷಿಯೋ ಕೈಗಾರಿಕೆಯೋ, ಅದರ ಮೇಲೆ ಉದ್ಯಾನ, ಶಾಲೆ, ರಸ್ತೆ ಮುಂತಾದ ಮೀಸಲಾತಿ ಇದೆಯೋ ಎಂಬುದನ್ನು ಪಾಲಿಕೆ ಇಲ್ಲಿ ಬರಹದಲ್ಲಿ ತಿಳಿಸುತ್ತದೆ. ಪುಣೆಯಲ್ಲಿ ಈ ಪ್ರಶ್ನೆ ಬೇರೆ ಊರುಗಳಿಗಿಂತ ಹೆಚ್ಚು ಮುಖ್ಯ, ಏಕೆಂದರೆ ಈ ನಗರ ಒಂದೇ ಕಾಲದಲ್ಲಿ ಬೆಳೆದದ್ದಲ್ಲ. 1997ರಲ್ಲಿ ಸೇರಿದ 23 ಹಳ್ಳಿಗಳ ಗುಡ್ಡಗಳ ಮೇಲೆ ಜೈವಿಕ ವೈವಿಧ್ಯ ಉದ್ಯಾನದ, ಅಂದರೆ ಬಿಡಿಪಿಯ ಮೀಸಲಾತಿ ಇದೆ. 2017ರಲ್ಲಿ ಮತ್ತು 2021ರಲ್ಲಿ ಇನ್ನಷ್ಟು ಹಳ್ಳಿಗಳು ಪಾಲಿಕೆಗೆ ಬಂದವು. ಅದರಾಚೆಗೆ 2015ರಲ್ಲಿ ಆರಂಭವಾದ ಪಿಎಂಆರ್‌ಡಿಎ, ಅಂದರೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಪ್ರದೇಶ, ಪಕ್ಕದಲ್ಲಿ ಪಿಂಪ್ರಿ ಚಿಂಚವಡ ಪಾಲಿಕೆ. ಆದ್ದರಿಂದ ನಿಮ್ಮ ಜಾಗಕ್ಕೆ ಇಂದು ಪರವಾನಗಿ ಕೊಡುವ ಅಧಿಕಾರ ಯಾರದು ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಗುಡ್ಡದ ಬುಡದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಜಾಗ ಕೊಂಡು, ಆಮೇಲೆ ಝೋನ್ ದಾಖಲಾ ತೆಗೆಸಿ ಕುಸಿದು ಕುಳಿತವರನ್ನು ನಾನು ನೋಡಿದ್ದೇನೆ. ಅವರ ಮುಖ ನೆನಪಾದಾಗಲೆಲ್ಲ ಈ ಒಂದು ಮಾತನ್ನು ಜೋರಾಗಿ ಹೇಳಬೇಕೆನಿಸುತ್ತದೆ: ಸಾಧ್ಯವಿದ್ದರೆ ಈ ದಾಖಲೆಯನ್ನು ಜಾಗದ ಬಯಾನಾ, ಅಂದರೆ ಮುಂಗಡ, ಕೊಡುವ ಮೊದಲೇ ತೆಗೆಸಿರಿ.

[ಪರದೆಯ ಮೇಲೆ: ಮುಠಾ ನದಿಯ ನಕಾಶೆ, ನೀಲಿ ಮತ್ತು ಕೆಂಪು ರೇಖೆ]

ಮುಠಾ ನದಿಯ ಹತ್ತಿರದ ಜಾಗವಾದರೆ ನೀಲಿ ರೇಖೆ, ಕೆಂಪು ರೇಖೆಗಳ ಬಗ್ಗೆ ಕೇಳಲೇಬೇಕು. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ ನೀಲಿ, 100 ವರ್ಷಕ್ಕೊಮ್ಮೆ ಬರಬಹುದಾದದ್ದು ಕೆಂಪು. ನೀಲಿಯ ಒಳಗೆ ಹೊಸ ಮನೆಗೆ ಅವಕಾಶವಿಲ್ಲ. ಎರಡರ ನಡುವೆ ಕಟ್ಟುವುದಾದರೆ ಮನೆಯ ಪ್ಲಿಂತ್, ಅಂದರೆ ಅಡಿಪಾಯದ ಕಟ್ಟೆ, ಕೆಂಪು ರೇಖೆಯ ಮಟ್ಟಕ್ಕಿಂತ ಮೇಲಿರಬೇಕೆಂಬ ಷರತ್ತು ಬರುತ್ತದೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ನದಿಪಾತ್ರದ ಪೇಠೆಗಳು ಮುಳುಗಿದ ಕಥೆಯನ್ನು ಇಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. ಆ ರೇಖೆಗಳನ್ನು ಬರಿಯ ಕಚೇರಿಯ ಅಡ್ಡಿ ಎಂದು ಭಾವಿಸಬಾರದು.

ಶನಿವಾರವಾಡೆಯ ಸುತ್ತ ಹಳೆಯ ವಾಡೆ ಕೆಡವಿ ಕಟ್ಟುವವರ ಪ್ರಶ್ನೆ ಬೇರೆ. ಅದು ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ, 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಇಲ್ಲಿ ಪಾಲಿಕೆಯ ಸಲಹೆಯೊಂದೇ ಸಾಲದು. ಲೋಹೆಗಾಂವ್ ವಿಮಾನ ನೆಲೆಯ ಸುತ್ತ ಎತ್ತರದ ಮಿತಿಯನ್ನು ಕೇಳಬೇಕು.

[ದೃಶ್ಯ: ನಿರೂಪಕ ನೇರವಾಗಿ ಕ್ಯಾಮರಾ ನೋಡುತ್ತಾ]

ಈಗ ಒಂದು ತಪ್ಪು ತಿಳಿವಳಿಕೆಯ ಬಗ್ಗೆ. ಮುಂಬಯಿಯನ್ನು ಹೊರತುಪಡಿಸಿ ಮಹಾರಾಷ್ಟ್ರದ ಬಹುಭಾಗಕ್ಕೆ 2020ರ ಡಿಸೆಂಬರಿನಲ್ಲಿ ಬಂದ ಏಕರೂಪದ ನಿಯಮಾವಳಿ, ಅಂದರೆ ಯುಡಿಸಿಪಿಆರ್, ಸಣ್ಣ ಜಾಗಗಳಿಗೆ ದಾರಿಯನ್ನು ಸುಲಭ ಮಾಡಿದೆ. 150 ಚದರ ಮೀಟರ್‌ವರೆಗಿನ ಜಾಗಕ್ಕೆ ಶುಲ್ಕದ ರಸೀದಿಯೇ ಪರವಾನಗಿ, 300 ಚದರ ಮೀಟರ್‌ವರೆಗೆ 10 ದಿನದಲ್ಲಿ ಪರವಾನಗಿ ಎಂಬುದು ಅದರ ಆಶಯ. ಇದನ್ನು ಕೇಳಿ ಹಲವರು ಇನ್ನು ಮುಂಚೆ ವಿಚಾರಿಸುವ ಅಗತ್ಯವೇ ಇಲ್ಲವೆಂದುಕೊಂಡಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಆ ವೇಗ ನಿಂತಿರುವುದು ನಕ್ಷೆ ನಿಯಮದಂತಿದೆ ಎಂದು ಆರ್ಕಿಟೆಕ್ಟ್ ಕೊಡುವ ಪ್ರಮಾಣದ ಮೇಲೆ. ಮೊದಲು ಅಧಿಕಾರಿಯ ಕಣ್ಣಿಗೆ ಬೀಳುತ್ತಿದ್ದ ತಪ್ಪು ಈಗ ಗೋಡೆ ಎದ್ದ ಮೇಲೆ ಬೆಳಕಿಗೆ ಬರುವ ಸಾಧ್ಯತೆ ಇದೆ. ಅದೇ ರೀತಿ, 1966ರ ಎಂಆರ್‌ಟಿಪಿ, ಅಂದರೆ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ 45ನೇ ಕಲಮಿನಲ್ಲಿ 60 ದಿನದೊಳಗೆ ಉತ್ತರ ಬಾರದಿದ್ದರೆ ಪರವಾನಗಿ ಸಿಕ್ಕಂತೆಯೇ ಎಂಬ ಮಾತಿದೆ. ಆದರೆ ನಕ್ಷೆ ವಿಕಾಸ ಯೋಜನೆಗೂ ನಿಯಮಾವಳಿಗೂ ಸರಿಹೊಂದಿದ್ದರೆ ಮಾತ್ರ ಆ ಮಾತು ಅನ್ವಯಿಸುತ್ತದೆ. 12 ಮೀಟರ್ ರಸ್ತೆಯ ಮೇಲೆ ಮನೆ ಬರೆದವರಿಗೆ 60 ದಿನ ಕಾದರೂ ಏನೂ ಸಿಗುವುದಿಲ್ಲ.

ಪಾಲಿಕೆಯ ಬಾಂಧಕಾಮ, ಅಂದರೆ ಕಟ್ಟಡ ನಿರ್ಮಾಣ ವಿಭಾಗಕ್ಕೆ ಹೋಗಿ ನಿಮ್ಮ ಭಾಗದ ಎಂಜಿನಿಯರರನ್ನು ಕಂಡು ಮಾತನಾಡುವುದು ಒಳ್ಳೆಯದು, ನಾನೂ ಅದನ್ನೇ ಮಾಡುತ್ತೇನೆ. ಆದರೆ "ಆಗುತ್ತದೆಯೇ?" ಎಂದು ಕೇಳಿದರೆ "ನೋಡೋಣ" ಎಂಬ ಉತ್ತರವೇ ಬರುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಇಷ್ಟನ್ನು ನಿರ್ದಿಷ್ಟವಾಗಿ ಕೇಳಿ: ಈ ರಸ್ತೆಯ ಅಗಲ ಡಿಪಿಯಲ್ಲಿ ಎಷ್ಟು? ಅಗಲೀಕರಣದ ರೇಖೆ ನನ್ನ ಜಾಗದಲ್ಲಿ ಎಲ್ಲಿ ಹಾಯುತ್ತದೆ? ಬಿಟ್ಟುಕೊಡುವ ಜಾಗಕ್ಕೆ ಪ್ರತಿಯಾಗಿ ಎಫ್‌ಎಸ್‌ಐ (ಜಾಗದ ಅಳತೆಗೆ ತಕ್ಕಂತೆ ಕಟ್ಟಬಹುದಾದ ಕ್ಷೇತ್ರ) ಅಥವಾ ಟಿಡಿಆರ್ (ಬೇರೆಡೆ ಬಳಸಬಹುದಾದ, ಮಾರಬಹುದಾದ ಕಟ್ಟುವ ಹಕ್ಕು) ಯಾವ ರೀತಿ ಸಿಗುತ್ತದೆ? ರಸ್ತೆಯ ಅಗಲದ ಮೇಲೆಯೇ ಎಷ್ಟು ಅಂತಸ್ತು, ಎಷ್ಟು ಕ್ಷೇತ್ರ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದರಿಂದ ಈ ಒಂದು ಅಂಕೆ ತಪ್ಪಿದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ಮರಾಠಿಯಲ್ಲಿ ಮಾತನಾಡಲು ಸಂಕೋಚಪಡುವ ನಮ್ಮ ಹಿರಿಯರು ಪ್ರಶ್ನೆಗಳನ್ನು ಮರಾಠಿಯಲ್ಲಿ ಬರೆಸಿಕೊಂಡು ಹೋಗಲಿ, ಅದರಿಂದ ಉತ್ತರವೂ ಸ್ಪಷ್ಟವಾಗುತ್ತದೆ.

ಬಾಯಿಮಾತಿನ ಉತ್ತರ ದಾರಿ ತೋರಿಸುತ್ತದೆ, ಹಕ್ಕು ಕೊಡುವುದಿಲ್ಲ. ಆ ಎಂಜಿನಿಯರ್ ನಾಳೆ ವರ್ಗವಾಗಿ ಹೋಗಬಹುದು. ಆದ್ದರಿಂದ ಅದೇ ಪ್ರಶ್ನೆಗಳನ್ನು ಪತ್ರದಲ್ಲಿ ಬರೆದು, ಮೋಜಣಿ ನಕಾಶೆಯ ಪ್ರತಿ ಲಗತ್ತಿಸಿ, ಆವಕ್, ಅಂದರೆ ಪತ್ರ ಸ್ವೀಕರಿಸುವ ವಿಭಾಗದಲ್ಲಿ ಕೊಟ್ಟು, ಮುದ್ರೆ ಹಾಕಿದ ಪೋಚ್, ಅಂದರೆ ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ 30 ದಿನದ ಗಡುವಿನೊಳಗೆ ಮಂಜೂರಾದ ಡಿಪಿ ಹಾಳೆಯ ಪ್ರತಿಯನ್ನೋ ರಸ್ತೆ ರೇಖೆಯ ನಕಾಶೆಯನ್ನೋ ಪಡೆಯಬಹುದು. ಆದರೆ ಆ ಕಾಯಿದೆ ಇರುವ ದಾಖಲೆಯನ್ನು ಕೊಡಿಸುತ್ತದೆಯೇ ಹೊರತು ಅಧಿಕಾರಿಯ ಅಭಿಪ್ರಾಯವನ್ನು ಕೊಡಿಸುವುದಿಲ್ಲ, ಆದ್ದರಿಂದ "ನಾನು ಕಟ್ಟಬಹುದೇ?" ಎಂದು ಅದರಲ್ಲಿ ಕೇಳಿ ಸಮಯ ಕಳೆಯಬೇಡಿ.

ಮುಂಬಯಿಯಲ್ಲಿರುವ ವೀಕ್ಷಕರಿಗೆ ಎರಡು ಮಾತು. ನಿಮ್ಮಲ್ಲಿ ನಿಯಮಾವಳಿ ಬೇರೆ, 2034ರ ವಿಕಾಸ ಯೋಜನೆಯದು. ಝೋನ್ ದಾಖಲಾದ ಬದಲು ಡಿಪಿ ರಿಮಾರ್ಕ್ಸ್ ಪಡೆಯಬೇಕು. ಅಲ್ಲಿ ಮೊದಲು ಕೈಗೆ ಬರುವ ಐಒಡಿ ಎಂಬ ಪತ್ರದ ಪೂರ್ಣ ಹೆಸರು ಇಂಟಿಮೇಷನ್ ಆಫ್ ಡಿಸ್‌ಅಪ್ರೂವಲ್ ಎಂದಿರುವುದನ್ನು ಕಂಡು ಗಾಬರಿಯಾಗಬೇಡಿ. ಅದು 1888ರ ಪಾಲಿಕೆ ಕಾಯಿದೆಯ 346ನೇ ಕಲಮಿನ ಹಳೆಯ ಭಾಷೆ. ಷರತ್ತುಗಳನ್ನು ಪೂರೈಸಿದರೆ ಮುಂದಿನ ದಾರಿ ತೆರೆದಿದೆ ಎಂದೇ ಅದರ ಅರ್ಥ.

[ದೃಶ್ಯ: ಮತ್ತೆ ವಾರ್ಜೆಯ ಓಣಿ. ಗೇಟಿನ ಮುಂದೆ ಖಾಲಿ ಬಿಟ್ಟ ಜಾಗ, ಹಿಂದೆ ಮನೆ.]

ನಮ್ಮ ಭಾವ ಎರಡನೆಯ ಸಲ ನಕ್ಷೆ ಬರೆಸುವ ಮೊದಲು ಡಿಪಿ ಅಭಿಪ್ರಾಯದ ಪ್ರತಿಯನ್ನು ಆರ್ಕಿಟೆಕ್ಟರ ಮೇಜಿನ ಮೇಲಿಟ್ಟು, ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು. ಮನೆ ಮೂರು ಮೀಟರ್ ಹಿಂದೆ ಸರಿಯಿತು, ಒಂದು ಕೋಣೆ ಮೇಲಿನ ಅಂತಸ್ತಿಗೆ ಹೋಯಿತು, ಅಕ್ಕನ ದೇವರ ಮನೆ ಈಶಾನ್ಯದಲ್ಲೇ ಉಳಿಯಿತು. ಭೋಗವಟಾ ಪತ್ರ, ಅಂದರೆ ಮನೆಯಲ್ಲಿ ವಾಸಿಸಲು ಪಾಲಿಕೆ ಕೊಡುವ ಅನುಮತಿ, ಬಂದ ಮೇಲೆಯೇ ಅವರು ಗೃಹಪ್ರವೇಶದ ದಿನ ಗೊತ್ತುಮಾಡಿದರು. ಓಣಿ ಇನ್ನೂ 6 ಮೀಟರೇ ಇದೆ. ರಸ್ತೆಗೆಂದು ಬಿಟ್ಟ ಆ ಮೂರು ಮೀಟರಿನಲ್ಲಿ ಸದ್ಯಕ್ಕೆ ಅಕ್ಕ ಕರಿಬೇವು ಬೆಳೆಸಿದ್ದಾಳೆ.