ಶೇಕಡಾ 18ಕ್ಕೆ ನಿಂತ ಸ್ಕೂಟರ್

ಕೇಳುಗರಿಗೆ ನಮಸ್ಕಾರ. ಹೋದ ಬೇಸಿಗೆಯಲ್ಲಿ ಚಾಮುಂಡಿ ಬೆಟ್ಟದ ಏರಿನಲ್ಲಿ ನನ್ನ ಎಲೆಕ್ಟ್ರಿಕ್ ಸ್ಕೂಟರ್ ಗಪ್ಪನೆ ನಿಂತುಬಿಟ್ಟಿತು. ಮೀಟರಿನಲ್ಲಿ ಚಾರ್ಜ್ ಇನ್ನೂ ಶೇಕಡಾ 18 ಇತ್ತು. ಹಿಂದೆ ಕೂತಿದ್ದ ಹೆಂಡತಿ ಏನೂ ಮಾತಾಡಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು. ಹತ್ತು ನಿಮಿಷ ನೆರಳಲ್ಲಿ ನಿಂತು ಮತ್ತೆ ಕೀ ತಿರುಗಿಸಿದರೆ, ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಹೊರಟಿತು!

ಹಾಗಾದರೆ ಮೀಟರ್ ಸುಳ್ಳು ಹೇಳಿತಾ? ಪೂರ್ತಿ ಸುಳ್ಳಲ್ಲ.

ಬ್ಯಾಟರಿ ಅಂದರೆ ಒಂದೇ ಡಬ್ಬಿ ಅಂದುಕೊಳ್ಳುತ್ತೇವೆ, ಅಲ್ವಾ? ನನ್ನ ಪ್ಯಾಕಿನಲ್ಲಿ ಲಿಥಿಯಂ ಸೆಲ್‌ಗಳ 14 ಗುಂಪುಗಳು ಸಾಲಾಗಿ ಸೇರಿವೆ. ಒಂದೊಂದೂ ಸುಮಾರು 3.6 ವೋಲ್ಟ್, ಒಟ್ಟು 50ರ ಆಸುಪಾಸು. ಇವನ್ನು ಕಾಯೋದಕ್ಕೆ ಒಂದು ಸರ್ಕ್ಯೂಟ್ ಬೋರ್ಡ್ ಇದೆ, ಬಿಎಂಎಸ್ ಅಂತಾರೆ. ಯಾವ ಗುಂಪೂ 4.2 ವೋಲ್ಟ್ ದಾಟಬಾರದು, 3ಕ್ಕಿಂತ ಕೆಳಗೆ ಹೋಗಬಾರದು. ಪಂಕ್ತಿ ಊಟದಲ್ಲಿ ಎಲ್ಲರದ್ದೂ ಮುಗಿಯುವವರೆಗೆ ಯಾರೂ ಏಳಬಾರದು ಅಂತಾರಲ್ಲ, ಇಲ್ಲಿ ಅದರ ತಲೆಕೆಳಗು: ಒಬ್ಬರ ಎಲೆ ಖಾಲಿಯಾದ ಕೂಡಲೇ ಎಲ್ಲರೂ ಏಳಬೇಕು.

ಏರಿನಲ್ಲಿ ಮೋಟಾರು 3 ಕಿಲೋವ್ಯಾಟ್ ಕೇಳಿದರೆ 60 ಆಂಪಿಯರ್ ಹರಿಯಬೇಕು. ಅಷ್ಟು ಎಳೆದಾಗ ಗಟ್ಟಿ ಗುಂಪಿನ ವೋಲ್ಟೇಜ್ 0.3ರಷ್ಟು ಇಳಿದರೆ, ಸವೆದ ಗುಂಪಿನದು ಅದರ ಎರಡರಷ್ಟು ಇಳಿಯಬಹುದು. 3.5ರಲ್ಲಿದ್ದದ್ದು 2.9ಕ್ಕೆ ಬಂತು ಅನ್ನಿ, ಮುಗೀತು, ಬಿಎಂಎಸ್ ಕಟ್ ಮಾಡುತ್ತದೆ. ಎಳೆತ ನಿಂತ ಮೇಲೆ ವೋಲ್ಟೇಜ್ ತಾನಾಗಿ ಮೇಲೇರುತ್ತದೆ. ಹತ್ತು ನಿಮಿಷದ ಪವಾಡ ಇಷ್ಟೇ.

ಶೇಕಡಾ ಲೆಕ್ಕ ಬೇರೆ. ಹಂಡೆಯಿಂದ ಎಷ್ಟು ಚೊಂಬು ನೀರು ಹೋಯಿತು ಅಂತ ಎಣಿಸಿದ ಹಾಗೆ, ಹರಿದ ಕರೆಂಟನ್ನು ಕೂಡಿಸುತ್ತಾ ಹೋಗೋದು. ದಿನಾ ಒಂದಿಷ್ಟು ತಪ್ಪುತ್ತದೆ, ಪೂರ್ತಿ ಚಾರ್ಜ್ ಆದಾಗ ಸರಿಹೋಗುತ್ತದೆ. ಮುಂದೆ ಹೋದ ಗುಂಪುಗಳ ಹೆಚ್ಚುವರಿ ಚಾರ್ಜನ್ನು ಬಿಸಿಯಾಗಿ ಕಳೆದು ಎಲ್ಲವನ್ನೂ ಸಮ ಮಾಡೋ ಕೆಲಸವೂ ಸಾಮಾನ್ಯವಾಗಿ ಆ ಕೊನೆ ಹೊತ್ತಿನಲ್ಲೇ, ನಿಧಾನಕ್ಕೆ ನಡೆಯುತ್ತದೆ. ನಾನೋ, ಬ್ಯಾಟರಿ ಬಾಳಿಕೆ ಬರಲಿ ಅಂತ ತಿಂಗಳುಗಟ್ಟಲೆ 80ಕ್ಕೇ ಪ್ಲಗ್ ಕಿತ್ತವನು. 80ಕ್ಕೆ ನಿಲ್ಲಿಸೋದು ತಪ್ಪಲ್ಲ, ಆದರೆ ಆಗಾಗ ನೂರಕ್ಕೂ ಬಿಡಬೇಕಿತ್ತು.

ರಿಪೇರಿಯವನೊಬ್ಬ ಸುಲಭದ ದಾರಿ ಹೇಳಿದ: "ಸಾರ್, ಬಿಎಂಎಸ್ ಬೈಪಾಸ್ ಮಾಡಿಬಿಡ್ತೀನಿ, ಇನ್ನು ನಿಲ್ಲೋದೇ ಇಲ್ಲ." ನಿಲ್ಲೋದಿಲ್ಲ, ನಿಜ! ಕಾವಲು ತೆಗೆದರೆ ಯಾವುದೋ ಒಂದು ಗುಂಪು 4.2 ದಾಟಿಯೂ ಚಾರ್ಜ್ ಆಗುತ್ತಲೇ ಇರುತ್ತದೆ, ಒಳಗೆ ಲಿಥಿಯಂ ಲೋಹವಾಗಿ ಕೂತು ಸೂಜಿಯ ಹಾಗೆ ಬೆಳೆದು ನಡುವಿನ ತೆಳು ಪರದೆಯನ್ನು ಚುಚ್ಚಿದರೆ ಶಾರ್ಟ್ ಆಗುತ್ತದೆ, ಆಮೇಲೆ ಆ ಬೆಂಕಿಯನ್ನು ಆರಿಸೋದು ಬಹಳ ಕಷ್ಟ. 2022ರಲ್ಲಿ ದೇಶದ ಹಲವು ಕಡೆ ಸ್ಕೂಟರ್‌ಗಳು ಹೊತ್ತಿಕೊಂಡ ಮೇಲೆ ಎಐಎಸ್ 156 ಎಂಬ ಸುರಕ್ಷತಾ ನಿಯಮವನ್ನು ಬಿಗಿ ಮಾಡಿದ್ದು ಸುಮ್ನೆ ಅಲ್ಲ. ಕೈಮುಗಿದು ಬಂದೆ.

ನಾಲ್ಕಾರು ರಾತ್ರಿ ಪೂರ್ತಿ ಚಾರ್ಜಿಗೆ ಬಿಟ್ಟ ಮೇಲೆ ಪರವಾಗಿಲ್ಲ. ಸವೆದ ಗುಂಪು ಮಾತ್ರ ಸವೆದೇ ಇದೆ. ಈಗ ಬೆಟ್ಟಕ್ಕೆ ಹೊರಟರೆ ಹೆಂಡತಿ ಮೊದಲು ಬಗ್ಗಿ ಮೀಟರ್ ನೋಡುತ್ತಾಳೆ. ಅರ್ಧಕ್ಕಿಂತ ಕಮ್ಮಿ ಇದ್ದರೆ ಬಸ್ಸು.