150 ಗಂಟೆ, ಯಾರ ರಜೆಯಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ. ನಾನೊಬ್ಬ ನರ್ಸ್. ಆಸ್ಪತ್ರೆಯಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ನಾನು ‘ಸಿಸ್ಟರ್’. ಡಾಕ್ಟರಿಗೆ ‘ಸರ್’, ‘ಮೇಡಂ’. ಆಯಾಗೆ ಬರೀ ‘ಏನಮ್ಮಾ’. ವಾರ್ಡಿನಲ್ಲಿ ಯಾರ ಜಾಗ ಎಲ್ಲಿ ಅನ್ನೋದು ಕರೆಯುವುದರಲ್ಲೇ ಗೊತ್ತಾಗಿಬಿಡುತ್ತದೆ.

ಕೆಲಸಕ್ಕೆ ಸೇರಿದ ಮೇಲೂ ಓದುತ್ತಿರಬೇಕು ಅನ್ನೋ ನಿಯಮ ನಮಗೂ ಇದೆ, ಡಾಕ್ಟರಿಗೂ ಇದೆ. ಸರಿಯಾದ ನಿಯಮವೇ. ಔಷಧಿ ಬದಲಾಗುತ್ತದೆ, ಪಂಪು, ಮಾನಿಟರು ಬದಲಾಗುತ್ತವೆ, ನಾನು ಕಾಲೇಜಿನಲ್ಲಿ ಕಲಿತದ್ದನ್ನೇ ಹಿಡಿದುಕೊಂಡು ಕೂತರೆ ರೋಗಿಯ ಗತಿ ಏನು? ಡಾಕ್ಟರುಗಳ 2002ರ ನೀತಿ ಸಂಹಿತೆ 5 ವರ್ಷಕ್ಕೆ ಕನಿಷ್ಠ 30 ಗಂಟೆ ಅನ್ನುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತು ನಮಗೆ ಹೇಳಿರುವುದು 5 ವರ್ಷಕ್ಕೆ 150 ಗಂಟೆ. ಐದು ಪಟ್ಟು! ಜಾಸ್ತಿ ಕಲೀರಿ ಅಂದರೆ ನನಗೇನೂ ಬೇಜಾರಿಲ್ಲ. ಆ ಗಂಟೆಗಳನ್ನು ಎಲ್ಲಿಂದ ತರಲಿ?

ಡಾಕ್ಟರುಗಳು ಔಷಧ ಕಂಪನಿಗಳಿಂದ ಉಡುಗೊರೆ, ಇಂಥ ಕ್ಲಾಸು, ಸಮ್ಮೇಳನಗಳಿಗೆ ಹೋಗುವ ಪ್ರಯಾಣ, ಹೋಟೆಲ್ ಖರ್ಚು ತೆಗೆದುಕೊಳ್ಳಬಾರದು ಅಂತ 2009ರಲ್ಲಿ ನಿಯಮ ಬಂತು. ತಡೆಯಬೇಕಾಗಿ ಬಂತು ಅಂದ್ರೆ ಕೊಡುವವರು ಇದ್ದರು ಅಂತಲೇ ಅಲ್ವಾ? ನಮ್ಮ ಕ್ಲಾಸಿಗೆ ಒಂದು ಪೆನ್ನು ಕೊಟ್ಟವರನ್ನೂ ನಾನು ಕಂಡಿಲ್ಲ.

ಇನ್ನು ನಮ್ಮೊಳಗಿನ ಮೇಲು ಕೀಳು ಬೇರೆ. ನಾನು ಜಿಎನ್‌ಎಂ, ಅಂದ್ರೆ 3 ವರ್ಷದ ನರ್ಸಿಂಗ್ ಡಿಪ್ಲೊಮಾ. ನಾಲ್ಕು ವರ್ಷದ ಬಿಎಸ್ಸಿಗೆ ಫೀಸು ಕಟ್ಟುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ, ಅಷ್ಟೇ. ನನ್ನ ಪಕ್ಕದಲ್ಲಿ ನಿಂತು ಐವಿ ಹಾಕೋದು ಕಲಿತ ಬಿಎಸ್ಸಿ ಹುಡುಗಿ ಎರಡೇ ವರ್ಷಕ್ಕೆ ನನಗೆ ಇನ್‌ಚಾರ್ಜ್ ಆದಳು. ಒಳ್ಳೆಯವಳು, ಅವಳ ತಪ್ಪೇನೂ ಇಲ್ಲ. ‘ಅಕ್ಕಾ, ನೀವೂ ಪೋಸ್ಟ್ ಬೇಸಿಕ್ ಮಾಡಿ’ ಅನ್ನುತ್ತಾಳೆ. ಡಿಪ್ಲೊಮಾದವರು ಬಿಎಸ್ಸಿ ಆಗೋಕೆ ಅದು 2 ವರ್ಷದ ಕಾಲೇಜು ಕಣಮ್ಮ, ಕೆಲಸ ಬಿಟ್ಟು ಹೋದರೆ ಸಾಲದ ಕಂತು ಯಾರು ಕಟ್ಟುತ್ತಾರೆ?

ಹೋದ ವರ್ಷ ಸೆಪ್ಸಿಸ್ ಬಗ್ಗೆ ಒಂದು ದಿನದ ಕ್ಲಾಸಿಗೆ ಹೋದೆ. ಮೈಗೆ ಸೋಂಕು ಹರಡುವಾಗ ಬಿಪಿ ಬೀಳುವ ಮುಂಚೆಯೇ ಉಸಿರಾಟ ಜೋರಾಗಬಹುದು, ನಿಮಿಷಕ್ಕೆ ಎಷ್ಟು ಅಂತ ಪೂರ್ತಿ ಎಣಿಸಿ, ಅಂದಾಜಿಗೆ 20 ಅಂತ ಬರೆಯಬೇಡಿ ಅಂದರು. (ನಾವು ಹಾಗೆ ಬರೆಯುತ್ತಿದ್ದದ್ದು ಉಂಟು.) ಮರುವಾರ ನೈಟ್ ಡ್ಯೂಟಿಯಲ್ಲಿ ಒಬ್ಬ ಅಜ್ಜನಿಗೆ ಎಣಿಸಿದರೆ 28. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ‘ಬಿಪಿ ಚೆನ್ನಾಗಿದೆಯಲ್ಲ ಸಿಸ್ಟರ್, ಸುಮ್ನೆ ಗಾಬರಿ ಮಾಡಬೇಡಿ’ ಅಂದರು. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಬೈದುಕೊಂಡೇ ಬಂದರು, ನೋಡಿದರು, ಅಜ್ಜನನ್ನು ಐಸಿಯುಗೆ ಕಳಿಸಿದರು. ಬೆಳಿಗ್ಗೆ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ‘ಬೇಗ ಗುರುತು ಹಿಡಿದಿರಿ’ ಅಂತ ಆ ಡ್ಯೂಟಿ ಡಾಕ್ಟರ್ ಹುಡುಗನ ಬೆನ್ನು ತಟ್ಟಿದರು. ಆತ ನನ್ನ ಕಡೆ ನೋಡಲಿಲ್ಲ. ನಾನು ಟ್ರೇ ಹಿಡಿದು ಅಲ್ಲೇ ನಿಂತಿದ್ದೆ.

ಹೊಗಳಿಕೆ ಹೋಗಲಿ ಬಿಡಿ. ಕಲಿಯಲು ಹೋದ ದಿನವನ್ನು ಡ್ಯೂಟಿ ಅಂತ ಬರೆದುಕೊಳ್ಳಿ ಅಂತ ಆಫೀಸಿನಲ್ಲಿ ಕೇಳಿದ್ದೆ. ‘ನೋಡೋಣ’ ಅಂದರು. ಆ ಕ್ಲಾಸಿನ ಸರ್ಟಿಫಿಕೇಟು ಮನೆಯ ಬೀರುವಿನಲ್ಲಿದೆ, 6 ಗಂಟೆ ಅಂತ ಅದರಲ್ಲಿ ಬರೆದಿದೆ. ಅದೇ ತಾರೀಖಿಗೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಇರುವುದು ‘ವಾರದ ರಜೆ’.